ತಕ್ಕಡಿಯಲ್ಲಿ ತೂಗಿ ತಂದ ಟಾರ್ಚು

ತೂಕದ ಮನುಷ್ಯ ಎಂದರೆ ಹೊಗಳಿಕೆ, ಹಗುರ ಮಾತಿನವನು ಎಂದರೆ ಬೈಗುಳ. ನಮ್ಮ ನಾಡಿನ ಜನ ಭಾರವಾದದ್ದಕ್ಕೆಲ್ಲ ಕೈಮುಗಿದು ಹಗುರವಾದದ್ದನ್ನೆಲ್ಲ ಮೂಗು ಮುರಿದು ನೋಡುವುದನ್ನು ಯಾವಾಗ ಕಲಿತರೋ ನನಗೆ ಗೊತ್ತಿಲ್ಲ. ನಾನಂತೂ ತೊಟ್ಟಿಲಿನಲ್ಲೇ ಕಲಿತೆ. ಏಕೆಂದರೆ ನಾನು ಹುಟ್ಟಿದ್ದು ಚಾಮರಾಜನಗರದಲ್ಲಿ, ಹಿತ್ತಾಳೆ ಪಾತ್ರೆ ಅಂಗಡಿಯವರ ಮನೆಯಲ್ಲಿ. ನಮ್ಮಪ್ಪನ ಅಂಗಡಿಯಲ್ಲಿ ಅಂದ ನೋಡಿ ಪಾತ್ರೆ ಕೊಳ್ಳುವವರಿಗೆ ಮರ್ಯಾದೆಯೇ ಇರಲಿಲ್ಲ. ಗಿರಾಕಿ ಬಂದು "ಈ ಚೆಂಬು ಚೆಂದಾಗದೆ" ಅಂದರೆ ಅಪ್ಪ ಮಾತಾಡದೆ ಅದನ್ನು ತಕ್ಕಡಿಗೆ ಹಾಕಿ, ಮುಳ್ಳಿನ ಕಡೆ ಬೆರಳು ತೋರಿಸಿ, "ಚೆಂದ ಅನ್ನೋದು ಇಲ್ಲಿ ಅದೆ ಕಣಪ್ಪ, ನೋಡ್ಕೊ" ಅನ್ನುತ್ತಿದ್ದರು. ನನ್ನ ಮದುವೆ ಗೊತ್ತಾದದ್ದೂ ಹೀಗೆಯೇ. ಕುದೇರಿಗೆ ಹೆಣ್ಣು ನೋಡಲು ಹೋದಾಗ, ಕಾಲು ತೊಳೆಯಲು ಜಗಲಿಯ ಮೇಲೆ ಇಟ್ಟಿದ್ದ ನೀರಿನ ಕೊಡವನ್ನು ಅಪ್ಪ ಒಂದು ಕೈಯಲ್ಲಿ ಎತ್ತಲು ನೋಡಿದರು. ಆಗಲಿಲ್ಲ, ಎರಡನೆಯ ಕೈಯನ್ನೂ ಹಾಕಬೇಕಾಯಿತು. ಹೆಣ್ಣು ಹೊರಗೆ ಬರುವ ಮುಂಚೆಯೇ ಸಂಬಂಧ ನಿಶ್ಚಯವಾಗಿಹೋಯಿತು. ನನ್ನ ಹೆಂಡತಿ ಚೆನ್ನಾಜಮ್ಮ ಸಿಟ್ಟು ಬಂದಾಗಲೆಲ್ಲ, "ಮಾವನೋರು ಒಪ್ಕಂಡಿದ್ದು ಕೊಡಾವ, ನನ್ನಲ್ಲ. ಓಗಿ, ಆ ಕೊಡದ್ ಜೊತೇಲೆ ಸಂಸಾರ ಮಾಡಿ" ಅನ್ನುತ್ತಾಳೆ.

ಇಂಥ ವಂಶದಲ್ಲಿ ಹುಟ್ಟಿದ ನಾನು ಅಂಗಡಿಯನ್ನು ಬಿಟ್ಟು ಗ್ಯಾಸ್ ವೆಲ್ಡಿಂಗ್ ಕಸುಬಿಗೆ ಬಿದ್ದೆ. ಮೈಸೂರಿನ ಒಂದು ರಿಪೇರಿ ಕಾರ್ಖಾನೆಯಲ್ಲಿ ಮೂರು ವರ್ಷ ಕಲಿತು, ಊರಿಗೆ ಬಂದು ಗುಂಡ್ಲುಪೇಟೆ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡೆ. ಕನ್ನಡದ ಸೀಮೆಗಳೆಲ್ಲ ಸೇರಿ ಒಂದಾಗುತ್ತವಂತೆ ಎಂದು ಬಸ್ಸಿನಲ್ಲೂ ಕ್ಷೌರದಂಗಡಿಯಲ್ಲೂ ಜನ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ದೊಡ್ಡವರು ಸೀಮೆಗಳನ್ನು ಸೇರಿಸಲಿ, ನಾನು ನನ್ನ ಪಾಡಿಗೆ ಮುರಿದ ಗಾಡಿಯ ಅಚ್ಚು, ಬಿರುಕು ಬಿಟ್ಟ ಬಾವಿಯ ರಾಟೆ, ಬಸ್ಸಿನ ಮಡ್ಗಾರ್ಡು, ಸೈಕಲ್ಲಿನ ಚೌಕಟ್ಟು ಇವುಗಳನ್ನು ಸೇರಿಸುತ್ತಿದ್ದೆ. ನನ್ನ ಕಸುಬಿನ ಸಾಮಾನು ಹೆಚ್ಚೇನಿಲ್ಲ. ಒಂದು ಪೀಪಾಯಿಯಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟರೆ ಗ್ಯಾಸು ಹುಟ್ಟುತ್ತದೆ. ಆಕ್ಸಿಜನ್ ಸಿಲಿಂಡರು ಮೈಸೂರಿನಿಂದ ರೈಲಿನಲ್ಲಿ ಬರುತ್ತದೆ. ಎರಡರಿಂದಲೂ ಒಂದೊಂದು ರಬ್ಬರ್ ಟ್ಯೂಬು ಹೊರಟು, ಕೈಯಲ್ಲಿ ಹಿಡಿಯುವ ಒಂದು ಹಿತ್ತಾಳೆ ನಳಿಗೆಗೆ ಬಂದು ಸೇರುತ್ತವೆ. ಆ ನಳಿಗೆಯ ಮೂತಿಯಲ್ಲಿ ಕಬ್ಬಿಣವನ್ನು ಕರಗಿಸುವ ನೀಲಿ ಬೆಂಕಿ. ಕಸುಬಿನವರು ಅದನ್ನು ಟಾರ್ಚು ಅನ್ನುತ್ತೇವೆ. ಅದೊಂದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ನಾನು ಎಡಚ. ಬಲಗೈಯಲ್ಲಿ ಉಣ್ಣುವುದನ್ನು ಅವ್ವ ಸೌಟಿನಿಂದ ಕಲಿಸಿದಳು, ಬಲಗೈಯಲ್ಲಿ ಬರೆಯುವುದನ್ನು ಮೇಷ್ಟರು ಬೆತ್ತದಿಂದ ಕಲಿಸಿದರು. ಮೈಸೂರಿನ ಫೋರ್ಮನ್ ಒಬ್ಬರೇ, "ಬೆಂಕಿಗೆ ಎಡ ಯಾವ್ದು, ಬಲ ಯಾವ್ದು? ನಿನಗೆ ಹೇಗೆ ಬರ್ತದೋ ಹಾಗೆ ಹಿಡಿ" ಎಂದು ಬಿಟ್ಟುಬಿಟ್ಟ ಪುಣ್ಯಾತ್ಮರು. ಹೀಗಾಗಿ ನನ್ನ ಟಾರ್ಚು ಯಾವಾಗಲೂ ಎಡಗೈಯಲ್ಲಿ. ಇನ್ನು ಬೆಳಗಿನ ಪೂಜೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಪೂಜೆ ಮಾಡುವುದು. ಉಳಿದವರಿಗೆ ಕೆಲಸದ ಕೈ ಬಲಗಡೆ, ಶಿವನ ಕೈ ಎಡಗಡೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ನನಗೆ ಮಾತ್ರ ಎರಡಕ್ಕೂ ಇರುವುದು ಅದೊಂದೇ ಕೈ. ಹಗಲೆಲ್ಲ ಬೆಂಕಿಯನ್ನು ಹಿಡಿದ ಕೈಯೇ ಬೆಳಗಾದರೆ ದೇವರನ್ನು ಹಿಡಿಯಬೇಕು. ಈ ಏರ್ಪಾಡು ಎಂಟು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು.

ತಕರಾರು ಶುರುವಾದದ್ದು ಹಳೆಯ ಟಾರ್ಚು ಕೈಕೊಟ್ಟ ದಿನ. ಅದು ಫೋರ್ಮನ್ನರು ನನ್ನನ್ನು ಕಳಿಸುವಾಗ ಪ್ರೀತಿಯಿಂದ ಕೊಟ್ಟದ್ದು, ಆಗಲೇ ಮುದಿಯಾಗಿತ್ತು. ಹರವೆಯ ರೈತರೊಬ್ಬರು ಅರಿಸಿನ ಬೇಯಿಸುವ ಕೊಪ್ಪರಿಗೆಯನ್ನು ಗಾಡಿಯ ಮೇಲೆ ಬೋರಲು ಹಾಕಿಕೊಂಡು ತಂದಿದ್ದರು, ತಳ ಬಿರುಕು ಬಿಟ್ಟಿತ್ತು. ಅರ್ಧ ಬೆಸುಗೆ ಆಗುವ ಹೊತ್ತಿಗೆ ಟಾರ್ಚು ಪಟಪಟ ಎಂದು ಸಿಡಿದು, ಬೆಂಕಿ ಒಳಕ್ಕೆ ಎಳೆದುಕೊಂಡು, ಹಿಡಿಯೆಲ್ಲ ಕಾದುಹೋಯಿತು. ನಾನು ಹೌಹಾರಿ ಗ್ಯಾಸು ನಿಲ್ಲಿಸಿದೆ. ತಿರುಪುಗಳ ಸುತ್ತುಗೆರೆಗಳು ಸವೆದು ನುಣ್ಣಗಾಗಿದ್ದವು. ರೈತರು ತಣ್ಣಗೆ ಎಲೆಯಡಿಕೆ ಹಾಕಿಕೊಳ್ಳುತ್ತಾ, "ಏನಣ್ಣೋ, ನಿನ್ ಬೆಂಕಿಗೂ ಕೆಮ್ಮು ಬಂದ್ಬುಡ್ತಲ್ಲ!" ಅಂದರು. ಮಾರನೆಯ ದಿನವೇ ಮೈಸೂರಿನ ರೈಲು ಹತ್ತಿದೆ.

ಮೈಸೂರಿನ ಅಂಗಡಿಯವರು ಒಳ್ಳೆಯ ಮನುಷ್ಯ. ಮೂರು ಟಾರ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇದು ಹಗುರವಾದ್ದು, ದಿನವಿಡೀ ಕೆಲಸ ಮಾಡೋರು ಇದನ್ನೇ ಕೇಳ್ತಾರೆ. ಇದು ನಡುವಿನದು. ಇದು ದೊಡ್ಡ ದೊಡ್ಡ ಬಾಯ್ಲರು ಕೆಲಸಕ್ಕೆ" ಎಂದು ಬಿಡಿಸಿ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ, "ತಕ್ಕಡಿ ಇದೆಯಾ?" ಅವರಿಗೆ ಅರ್ಥವಾಗಲಿಲ್ಲ. "ಟಾರ್ಚಿಗೆ ತಕ್ಕಡಿ ಯಾಕೆ ಸ್ವಾಮಿ?" ಎಂದರು. "ತೂಗಬೇಕು" ಎಂದೆ. ಮೊಳೆ ತೂಗುವ ತಕ್ಕಡಿಯನ್ನು ತರಿಸಿದರು. ಮೂರನ್ನೂ ತೂಗಿದೆ. ಬಾಯ್ಲರಿನ ಟಾರ್ಚು ಎಂಥ ಹಿತ್ತಾಳೆ ಎನ್ನುತ್ತೀರಿ! ತಕ್ಕಡಿಯ ತಟ್ಟೆ ಮೇಜಿಗೆ ಬಡಿದು ಠಣ್ ಎಂದಿತು. ಆ ಸದ್ದು ಕೇಳಿದ ಮೇಲೆ ನನಗೆ ಉಳಿದ ಎರಡೂ ಆಟದ ಸಾಮಾನಿನ ಹಾಗೆ ಕಂಡವು. "ಸ್ವಾಮಿ, ಇದನ್ನ ಕೈಯಲ್ಲಿ ಹಿಡಿದು ಕೆಲಸ ಮಾಡ್ಬೇಕು, ಕರಗಿಸಿ ಕೊಡ ಮಾಡ್ಸೋದಲ್ಲ" ಎಂದು ಅವರು ಕೊನೆಯ ಸಲ ಎಚ್ಚರಿಸಿದರು. ಪಾತ್ರೆ ಅಂಗಡಿಯವರ ಮಗನಿಗೆ ಬುದ್ಧಿ ಹೇಳಲು ಬಂದರಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಹಗುರವಾದ ಮಾಲನ್ನು ದಾಟಿಸಲು ನೋಡುತ್ತಿದ್ದಾರೆ ಎಂದೇ ನನ್ನ ನಂಬಿಕೆ.

ಊರಿಗೆ ಬಂದವನು ಶೆಡ್ಡಿಗೆ ಹೋಗಲಿಲ್ಲ, ನೆಟ್ಟಗೆ ಅಪ್ಪನ ಅಂಗಡಿಗೆ ಹೋದೆ. ನಾನು ಕಸುಬು ಬದಲಾಯಿಸಿದ್ದಕ್ಕೆ ಅಪ್ಪನಿಗೆ ಒಳಗೇ ಬೇಸರವಿತ್ತು. ಎಂಟು ವರ್ಷದಲ್ಲಿ ನನ್ನ ಕೆಲಸವನ್ನು ಒಂದು ದಿನವೂ ಹೊಗಳಿದವರಲ್ಲ. ಟಾರ್ಚನ್ನು ಕೈಗೆ ಕೊಟ್ಟೆ. ಅವರು ಒಮ್ಮೆ ಮೇಲೆ ಕೆಳಗೆ ಆಡಿಸಿ, ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, "ಮಾಲು ಅಂದ್ರೆ ಇದು ಕಣ್ಲಾ ಗುರುಮಲ್ಲ! ಈಗ ನೀನೊಂದ್ ಕಸುಬು ಮಾಡ್ತಿದ್ದೀಯೆ ಅನ್ಬೋದು" ಎಂದರು. ನನ್ನ ಕಣ್ಣಿನಲ್ಲಿ ನೀರು ಬಂತು. ಇಷ್ಟು ಹೇಳಿದ ಮೇಲೆ ಆ ಟಾರ್ಚು ಭಾರವೆಂದು ಬಾಯಿಬಿಟ್ಟು ಹೇಳುವ ದಾರಿ ನನಗೆ ಮುಚ್ಚಿಹೋಯಿತು ಎಂಬುದು ನಿಮಗೂ ಗೊತ್ತಾಗಿರಬೇಕು.

ಅದು ಭಾರವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಭಾರವಾಗಿತ್ತು, ಮಧ್ಯಾಹ್ನ ಎರಡಕ್ಕೆ ಇನ್ನೂ ಭಾರವಾಗಿತ್ತು, ಸಂಜೆ ಐದರ ಹೊತ್ತಿಗೆ ನಮ್ಮ ಮಾವನವರ ಮನೆಯ ಕೊಡದಷ್ಟೇ ಭಾರವಾಗುತ್ತಿತ್ತು. ಆದರೂ ಅಭ್ಯಾಸವಾಗುತ್ತದೆ ಎಂದುಕೊಂಡು ಎಳೆದೆ. ತಿಂಗಳಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಪೂಜೆಗೆ ಕೂತಿದ್ದೇನೆ, ಅಂಗೈಯ ಮೇಲೆ ಲಿಂಗ, ಮೇಲೆ ಒಂದಿಷ್ಟು ನೀರು ಬಿಟ್ಟೆ. ಅಂಗೈಯಲ್ಲಿ ನಿಂತ ನೀರು ನಡುಗುತ್ತಿದೆ! ಮೊದಲು ನೀರೇ ನಡುಗುತ್ತಿದೆ ಎಂದುಕೊಂಡೆ. ಆಮೇಲೆ ನೋಡಿದರೆ ಲಿಂಗವೂ ನಡುಗುತ್ತಿದೆ. ನಡುಗುತ್ತಿದ್ದದ್ದು ನನ್ನ ಕೈ. ಬಲಗೈಯನ್ನು ಕೆಳಗೆ ಆನಿಸಿಕೊಂಡು ಹೇಗೋ ಪೂಜೆ ಮುಗಿಸಿದೆ. ಮಾರನೆಯ ದಿನ ಇನ್ನೂ ಹೆಚ್ಚಾಯಿತು. ಅದರ ಮಾರನೆಯ ದಿನ ವಿಭೂತಿ ಹಚ್ಚುವಾಗ ಲಿಂಗ ಅಂಗೈಯ ಅಂಚಿಗೆ ಜಾರಿತು. ನಾನು ಎದೆಗೆ ಅವುಚಿಕೊಂಡದ್ದರಿಂದ ಬೀಳಲಿಲ್ಲ. ನಾನು ಮಗುವಾಗಿದ್ದಾಗ ಮಠದಲ್ಲಿ ಅಯ್ಯನೋರು ಕೊರಳಿಗೆ ಕಟ್ಟಿದ ಲಿಂಗ ಅದು. ಪ್ರಾಣ ಹೋಗುವ ತನಕ ಮೈಮೇಲೆ ಇರಬೇಕಾದದ್ದು. ಅದನ್ನು ನೆಲಕ್ಕೆ ಹಾಕುವ ಕೈ ಇದ್ದರೆಷ್ಟು ಹೋದರೆಷ್ಟು ಎನ್ನಿಸಿ, ನನಗೆ ನಿಜವಾಗಿಯೂ ಭಯವಾಯಿತು.

ಚೆನ್ನಾಜಮ್ಮ ಬಾಗಿಲ ಬಳಿ ನಿಂತು ನೋಡಿಬಿಟ್ಟಿದ್ದಳು. ಅಂದಿನಿಂದ ಔಷಧದ ಮೆರವಣಿಗೆ. ಹರಳೆಣ್ಣೆ ಆಯಿತು, ಬೇವಿನೆಣ್ಣೆ ಆಯಿತು, ಎಕ್ಕದ ಎಲೆಯ ಶಾಖ ಆಯಿತು. ಮಲೆಯ ಮಾದಪ್ಪನಿಗೆ ಹರಕೆ ಕಟ್ಟಿದಳು. ಪಕ್ಕದ ಮನೆಯವರು ದೃಷ್ಟಿ ಎಂದರು, ಅಪ್ಪ ವಾಯು ಎಂದರು. ಟಾರ್ಚು ಎಂದು ಮಾತ್ರ ಯಾರೂ ಅನ್ನಲಿಲ್ಲ, ನಾನಂತೂ ಅನ್ನುವ ಹಾಗೆಯೇ ಇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಶೆಡ್ಡಿಗೆ ಬುತ್ತಿ ತಂದವಳು ದಾರಿಗೆ ಅಡ್ಡ ಇದ್ದ ಟಾರ್ಚನ್ನು ಪಕ್ಕಕ್ಕೆ ಇಡಲು ಎತ್ತಿಕೊಂಡಳು. ಎತ್ತಿಕೊಂಡವಳು ಹಾಗೆಯೇ ನಿಂತಳು.

"ಏನೂಂದ್ರೆ, ಇದ್ನ ಇಡೀ ದಿನ ಹಿಡ್ಕೊಂಡಿರ್ತೀರಾ?"

"ಹೂಂ."

"ಒಂದ್ ಕೈಲಿ?"

"ಮತ್ತೆ, ಇನ್ನೊಂದ್ರಲ್ಲಿ ಬೆಸುಗೆ ಕಡ್ಡಿ ಹಿಡೀಬೇಡ್ವಾ?"

"ಅಯ್ಯೋ ಶಿವ್ನೆ! ನಾನು ಊರೋರ್ ಕಣ್ಣಿಗೆಲ್ಲ ನೀವಾಳಿಸಿ ನೀವಾಳಿಸಿ ಸಾಯ್ತಾ ಇವ್ನಿ. ಒನಕೆ ಇದ್ದಂಗದಲ್ರೀ ಇದು! ಹಿಟ್ಟಿನ ಕೋಲು ತಗಳುವಾಗ ನಾವು ತೂಗಿಸ್ತೀವಾ? ಕೈಲಿ ಹಿಡ್ದು ಗಾಳೀಲಿ ನಾಕು ಸುತ್ತು ತಿರುವ್ತೀವಿ. ಮಣಿಕಟ್ಟು ಬ್ಯಾಡ ಅಂದ್ರೆ ಬ್ಯಾಡ. ಅಷ್ಟೂ ಗೊತ್ತಾಗಾಕಿಲ್ವಾ ಗಂಡುಸ್ರಿಗೆ?"

ಹತ್ತು ಜನಕ್ಕೆ ರಾಗಿ ಹಿಟ್ಟು ತಿರುವುವವಳ ಮಣಿಕಟ್ಟಿನ ಮಾತು ಅದು. ಬೇರೆ ಟಾರ್ಚು ನೋಡಬೇಕೆಂದು ಒಪ್ಪಿಕೊಂಡೆ. ಆದರೆ ಯಾರನ್ನು ಕೇಳುವುದು? ಮೈಸೂರಿನ ಅಂಗಡಿಯವರ ಮುಂದೆ ಮತ್ತೆ ನಿಲ್ಲಲು ಮುಖವಿಲ್ಲ. ನಮ್ಮ ಸೀಮೆಯಲ್ಲಿ ಕಸುಬು ಬಲ್ಲವನು ಇನ್ನೊಬ್ಬನೇ, ಗುಂಡ್ಲುಪೇಟೆಯ ವೇಲಾಯುಧನ್. ಅವನ ಹೆಸರು ಹೇಳುವಾಗ ನಾನು ಬಾಯಿ ಸೊಟ್ಟ ಮಾಡುತ್ತಿದ್ದೆ. ಏಕೆಂದರೆ ನನ್ನ ಗಿರಾಕಿಗಳು ನನ್ನ ಎದುರಿಗೇ, "ಗುಂಡ್ಲುಪೇಟೆ ಮಲೆಯಾಳಿ ಬೆಸುಗೆ ಹಾಕಿದ್ರೆ ಹಾಕ್ದಂಗೇ ಕಾಣಾಕಿಲ್ಲ ಕಣ" ಎಂದು ಹೊಗಳುತ್ತಿದ್ದರು. ಕಾಣದಿದ್ದರೆ ಹಾಕಿದ್ದಾನೆ ಅಂತ ಏನು ಗ್ಯಾರಂಟಿ ಎಂದು ನಾನು ಕುಟುಕುತ್ತಿದ್ದೆ. ವಯನಾಡಿನ ಘಟ್ಟ ಹತ್ತಿ ಬರುವ ಲಾರಿಗಳೆಲ್ಲ ಅವನ ಶೆಡ್ಡಿನ ಮುಂದೆ ನಿಲ್ಲುತ್ತವೆ ಎಂಬುದೂ ನನ್ನ ಹೊಟ್ಟೆಯುರಿಗೆ ಒಂದು ಕಾರಣ. ಮೂರು ದಿನ ಯೋಚನೆ ಮಾಡಿದೆ. ನಾಲ್ಕನೆಯ ದಿನ ಲಿಂಗ ಮತ್ತೆ ಜಾರಿತು. ಟಾರ್ಚನ್ನು ಟವಲಿನಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಯಾರು ಮಾಡಿಕೊಂಡೆ. ನನಗಲ್ಲ, ಪರಿಚಯದವರೊಬ್ಬರಿಗೆ ಹಗುರವಾದ ಟಾರ್ಚು ಬೇಕಿತ್ತು, ಯಾವುದು ಒಳ್ಳೆಯದು ಎಂದು ಕೇಳುವುದು. ತೆರಕಣಾಂಬಿ ದಾಟುವ ಹೊತ್ತಿಗೆ ಆ ಪರಿಚಯದವರಿಗೆ ಒಂದು ಹೆಸರನ್ನೂ ಇಟ್ಟಿದ್ದೆ. ವೇಲಾಯುಧನ್ ಶೆಡ್ಡಿನ ಮುಂದೆ ಲಾರಿಯ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದ. ನನ್ನ ವಯಸ್ಸಿನವನೇ, ಸಣಕಲು, ತುಟಿಯಲ್ಲಿ ಬೀಡಿ. ಆ ಬೀಡಿಯ ತುದಿಯಿಂದಲೇ ಟಾರ್ಚು ಹೊತ್ತಿಸುವ ಗಂಡಾಂತರದ ಮನುಷ್ಯ. ನನ್ನನ್ನು ಕಂಡು, "ಅಯ್ಯೋ, ಚಾಮರಾಜನಗರದ ಗುರುಮಲ್ಲಣ್ಣ ಅಲ್ಲವಾ? ನಿಮ್ಮ ಬೆಸುಗೆ ಎಷ್ಟೋ ಲಾರಿಯಲ್ಲಿ ನೋಡಿದ್ದೇನೆ. ಗಟ್ಟಿ ಕೆಲಸ, ಗಟ್ಟಿ ಕೆಲಸ" ಎಂದು ಕೈಹಿಡಿದುಕೊಂಡ. ನನ್ನನ್ನು ಬಲ್ಲ, ಹೊಗಳುತ್ತಾನೆ ಬೇರೆ! ಅವನ ಬಗ್ಗೆ ನಾನು ಆಡಿದ ಮಾತುಗಳೆಲ್ಲ ನೆನಪಾದವು. ಅಷ್ಟರಲ್ಲಿ ಟೀ ತರಿಸಿ ಲೋಟವನ್ನು ನನ್ನ ಎಡಗೈಗೆ ಕೊಟ್ಟ. ಲೋಟ ಗಡಗಡ ಎಂದಿತು, ಟೀ ಅರ್ಧ ಪಂಚೆಯ ಮೇಲೆ. ಅಲ್ಲಿಗೆ ನನ್ನ ಸುಳ್ಳೂ ಮುಗಿಯಿತು. ಲಿಂಗ ಜಾರಿದ್ದು, ಎದೆಗೆ ಅವುಚಿಕೊಂಡದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಹೆಂಡತಿಯ ಮುಂದೆಯೂ ಅಷ್ಟು ಹೇಳಿರಲಿಲ್ಲ. ಹೇಳುತ್ತಾ ಕಣ್ಣು ಒರೆಸಿಕೊಂಡೆ. ಅವನು ನಗಲಿಲ್ಲ. ಬೀಡಿಯನ್ನು ನಂದಿಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡು, ನನ್ನ ಮಣಿಕಟ್ಟನ್ನು ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದ. "ವಾಯು ಇಲ್ಲ, ಏನೂ ಇಲ್ಲ. ಆ ಭೂತ ಎಲ್ಲಿ, ತೋರಿಸಿ" ಎಂದ.

ಟವಲು ಬಿಚ್ಚಿದೆ. ಅವನು ಟಾರ್ಚನ್ನು ನೋಡಿ ತಲೆ ಚಚ್ಚಿಕೊಂಡು, ಒಳ್ಳೆಯ ಟಾರ್ಚನ್ನು ಆಯ್ದುಕೊಳ್ಳುವ ವಿದ್ಯೆಯನ್ನು ನನಗೆ ಹೇಳಿಕೊಟ್ಟ. ನನ್ನ ಎಂಟು ವರ್ಷದ ಕಸುಬಿನಲ್ಲಿ ಕಲಿಯದ್ದನ್ನು ಆ ಒಂದು ಮಧ್ಯಾಹ್ನ ಕಲಿತೆ. ಒಂದು ತಗಡಿನ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆದ. ಟ್ಯೂಬು ಸಿಕ್ಕಿಸಿದ, ಆದರೆ ಬೆಂಕಿ ಹೊತ್ತಿಸಲಿಲ್ಲ. "ಟ್ಯೂಬ್ ಇಲ್ಲದೆ ಹಿಡಿದು ನೋಡೋದು ಸುಳ್ಳು. ಅಂಗಡಿಯಲ್ಲಿ ಎಲ್ಲ ಟಾರ್ಚೂ ಹೂವು. ಟ್ಯೂಬ್ ಎಳೀತದಲ್ಲ, ಆಗ ಗೊತ್ತಾಗ್ತದೆ" ಎಂದ. ಹೊಸ ಬೀಡಿ ಹಚ್ಚಿಕೊಂಡು, ಅದು ಮುಗಿಯುವ ತನಕ ನಾನು ಮೂತಿಯನ್ನು ಗೆರೆಯ ಮೇಲೆ ನಿಧಾನವಾಗಿ ನಡೆಸಬೇಕೆಂದ. ನನ್ನ ಬಾಯ್ಲರ್ ಟಾರ್ಚು ಕಾಲು ಬೀಡಿಗೇ ಗೆರೆ ಬಿಟ್ಟು ಹೊಲಕ್ಕೆ ಹೋಯಿತು. "ಮದಿ, ಮದಿ" ಎಂದು ಸಾಕುಮಾಡಿಸಿದ.

ಆಮೇಲೆ ಅವನ ಶೆಡ್ಡಿನಲ್ಲಿದ್ದ ಬೇರೆ ಟಾರ್ಚುಗಳು ಒಂದೊಂದಾಗಿ ಬಂದವು. ಒಂದು ಬಹಳ ಹಗುರ, ಹಿಡಿದರೆ ಏನನ್ನೂ ಹಿಡಿದ ಹಾಗೇ ಇಲ್ಲ. ನಾನು ಇದೇ ಸಾಕೆಂದೆ. ಅವನು ತಿರುಪಿನ ಬುಡಕ್ಕೆ ಸಾಬೂನಿನ ನೀರು ಸವರಿ ಗ್ಯಾಸು ಬಿಟ್ಟ. ಗುಳುಗುಳು ಗುಳ್ಳೆ ಬಂತು. "ಹಗುರ ಬೇಕು ಅಂತ ಪ್ರಾಣ ಕೊಡಬಾರದು ಅಣ್ಣ. ಇದು ಸೋರ್ತದೆ" ಎಂದ. ಇನ್ನೊಂದು ಸೋರಲಿಲ್ಲ, ಆದರೆ ಹೊತ್ತಿಸಿ ಸ್ವಲ್ಪ ಹೊತ್ತು ಕೆಲಸ ಮಾಡುವಷ್ಟರಲ್ಲಿ ಹಿಡಿಯೇ ಬಿಸಿಯಾಯಿತು. ಮತ್ತೊಂದರ ಮೂತಿ ಭಾರ, ಹಿಂದೆ ಹಗುರ. ತಕ್ಕಡಿಯಲ್ಲಿ ಇಟ್ಟರೆ ಒಳ್ಳೆಯ ಅಂಕ ಬರಬಹುದು, ಕೈಯಲ್ಲಿ ಹಿಡಿದರೆ ತೂಕಡಿಸುವ ಮುದುಕನ ಹಾಗೆ ಮುಂದಕ್ಕೆ ಬಾಗುತ್ತದೆ. ಕೊನೆಗೆ ಒಳಗೆ ಹೋಗಿ ಒಂದನ್ನು ತಂದ. ಹಿಡಿಗೆ ಬಟ್ಟೆ ಸುತ್ತಿತ್ತು, ಹಿತ್ತಾಳೆ ಅಲ್ಲಲ್ಲಿ ಮಾಸಿತ್ತು. ಕೈಗೆ ತೆಗೆದುಕೊಂಡರೆ ಏನು ಹೇಳಲಿ, ಬೆರಳುಗಳಿಗೆ ತಾವಾಗಿಯೇ ಜಾಗ ಸಿಕ್ಕಿತು. ಪೂರ್ತಿ ಒಂದು ಬೀಡಿ ಮುಗಿಯಿತು, ನಾನು ಗೆರೆ ಬಿಡಲಿಲ್ಲ. ಅವನು ಇನ್ನೊಂದು ಬೀಡಿ ಹಚ್ಚಿದ. ಅದೂ ಮುಗಿಯಿತು.

"ಇದು ತಗೊಳ್ಳಿ. ಇಲ್ಲಿ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ನಿಮ್ಮದು ಇಲ್ಲಿ ಬಿಡಿ, ಲಾರಿ ಚಾಸಿಗೆ ನನಗೆ ದೊಡ್ಡದೊಂದು ಬೇಕಿತ್ತು" ಎಂದ ವೇಲಾಯುಧನ್.

ಈಗ ನೋಡಿ ನನ್ನ ರಕ್ತ ಎಂಥದು ಎಂದು. ಸ್ವಲ್ಪ ಹೊತ್ತಿನ ಹಿಂದೆ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ನಾನು, ಆ ಮಾತು ಕೇಳಿದ ಕೂಡಲೇ ಮನಸ್ಸಿನಲ್ಲೇ ತಕ್ಕಡಿ ಎತ್ತಿದೆ. ಹೊಸ ಹಿತ್ತಾಳೆ ಅಷ್ಟು ಕೊಟ್ಟು, ಹಳೆ ಹಿತ್ತಾಳೆ ಇಷ್ಟೇ ಇಷ್ಟು ತೆಗೆದುಕೊಳ್ಳುವುದೇ? ಆದರೂ ಕೈ ಆ ಟಾರ್ಚನ್ನು ಬಿಡಲು ಒಪ್ಪಲಿಲ್ಲವಾದ್ದರಿಂದ ಹೂಂ ಎಂದೆ. ಅವನು ಅಷ್ಟಕ್ಕೇ ಬಿಡಲಿಲ್ಲ. ಶೆಡ್ಡಿನ ತೊಲೆಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಕಟ್ಟಿ, ಗ್ಯಾಸಿನ ಟ್ಯೂಬುಗಳನ್ನು ಅದಕ್ಕೆ ಜೋತುಬಿಟ್ಟರೆ ಅವುಗಳ ಭಾರ ತೊಲೆ ಹೊರುತ್ತದೆ, ಮಣಿಕಟ್ಟಿಗೆ ಬರುವುದಿಲ್ಲ ಎಂದು ಕಟ್ಟಿ ತೋರಿಸಿದ. ಬಸ್ಸಿನ ತನಕ ಬಂದು ಹತ್ತಿಸಿದ.

ತಿಂಗಳೊಳಗೆ ನಡುಕ ನಿಂತುಹೋಯಿತು. ಒಂದು ಬೆಳಿಗ್ಗೆ ಅಂಗೈಯ ಮೇಲೆ ನೀರು ಬಿಟ್ಟೆ, ನೀರು ಕನ್ನಡಿಯ ಹಾಗೆ ನಿಂತಿತು. ನಾನು ಚೆನ್ನಾಜಮ್ಮನನ್ನು ಕೂಗಿ ಕರೆದು ತೋರಿಸಿದೆ. ಪೂಜೆಯ ಮಧ್ಯೆ ಕೂಗಬಾರದು, ಗೊತ್ತು. ಅವಳು ಬಂದು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಪುಣ್ಯಾತ್ಮುಂಗೆ ಕಜ್ಜಾಯ ಮಾಡ್ಕೊಡ್ತೀನಿ, ತಗೊಂಡೋಗಿ ಕೊಟ್ಟು ಬನ್ನಿ" ಎಂದಳು. ಇಷ್ಟೆಲ್ಲ ಆದ ಮೇಲೂ ಹೊರಗಡೆ ನಾನು ಏನು ಹೇಳಿಕೊಂಡು ತಿರುಗುತ್ತಿದ್ದೆ ಗೊತ್ತೇ? ಅಪ್ಪ ಟಾರ್ಚು ಎಲ್ಲಿ ಎಂದು ಕೇಳಿದಾಗ, "ಗುಂಡ್ಲುಪೇಟೆಯವನು ಗಟ್ಟಿ ಮಾಲು ಕಂಡ, ಬಾಯಲ್ಲಿ ನೀರು ಸುರಿಸಿಕೊಂಡು ಕೇಳಿದ, ಕೊಟ್ಟೆ" ಎಂದೆ. ಶೆಡ್ಡಿಗೆ ಬಂದವರಿಗೆಲ್ಲ, ಟಾರ್ಚು ಪರವಾಗಿಲ್ಲ, ಆದರೆ ವ್ಯಾಪಾರದಲ್ಲಿ ಆ ಮಲೆಯಾಳಿ ನನಗೆ ಟೋಪಿ ಹಾಕಿಬಿಟ್ಟ ಎಂದು ನಗುತ್ತಾ ಹೇಳುತ್ತಿದ್ದೆ. ಹೇಳಿ ಹೇಳಿ ನಾನೇ ನಂಬಿದ್ದೆ.

ಕಜ್ಜಾಯದ ಡಬ್ಬಿ ಹಿಡಿದು ಗುಂಡ್ಲುಪೇಟೆಯಲ್ಲಿ ಇಳಿದಾಗ ವೇಲಾಯುಧನ್ ಕೆಲಸದಲ್ಲಿದ್ದ. ಲಾರಿಯ ಚಾಸಿ ಅಲ್ಲ, ಒಂದು ಸೈಕಲ್ಲಿನ ಚೌಕಟ್ಟು, ತೀರ ಸಣ್ಣ ನಾಜೂಕಿನ ಬೆಸುಗೆ. ಕೈಯಲ್ಲಿ ನನ್ನ ಬಾಯ್ಲರ್ ಟಾರ್ಚು. ಮಣಿಕಟ್ಟಿಗೆ ಬಟ್ಟೆ ಬಿಗಿದು ಕಟ್ಟಿದ್ದ. ಒಂದು ಅಂಗುಲ ಬೆಸುಗೆ ಹಾಕುವುದು, ಟಾರ್ಚು ಕೆಳಗಿಟ್ಟು ಕೈ ಕೊಡವುವುದು, ಮತ್ತೆ ಎತ್ತುವುದು. ನಾನು 'ವೇಲಾಯುಧನ್' ಎಂದು ಕರೆದೆ, ಅವನು ತಿರುಗಿ ನೋಡಿ ಸಿಕ್ಕಿಬಿದ್ದವನ ಹಾಗೆ ಹಲ್ಲುಕಿರಿದ.

"ಇದ್ರಲ್ಲಿ ಯಾಕೆ ಸೈಕಲ್ ಬೆಸೀತಿದ್ದೀರಿ? ನಿಮ್ಮ ಟಾರ್ಚೆಲ್ಲಿ?" ಎಂದೆ.

"ನನ್ನದು ಚಾಮರಾಜನಗರದಲ್ಲಿ ಉಂಟಲ್ಲ."

"ಅದು ಮೂಲೇಲಿ ಬಿದ್ದಿತ್ತು ಅಂದ್ರಿ?"

"ನನ್ನದು ಅಂದಿದ್ರೆ ನೀವು ತಗೊಳ್ತಿದ್ರಾ? ವೇಂಡ ವೇಂಡ ಅಂತ ಹೇಳಿ ಬಸ್ ಹತ್ತಿ ಹೋಗ್ತಿದ್ರಿ."

ಅವನ ಮಣಿಕಟ್ಟಿನ ಬಟ್ಟೆಯನ್ನು ಮುಟ್ಟಿ ನೋಡಿದೆ. "ನಿಮ್ಮ ಕೈ ನಡುಗಿದ್ರೆ?" ಎಂದೆ.

ಅವನು ಕಿವಿಯ ಮೇಲಿದ್ದ ಬೀಡಿಯನ್ನು ತೆಗೆದು ತೋರಿಸಿದ. "ಅಣ್ಣ, ನಿಮ್ಮ ಕೈಯಲ್ಲಿ ಬೆಳಿಗ್ಗೆ ದೇವರು ಕೂರ್ತದೆ. ನನ್ನ ಕೈಯಲ್ಲಿ ಕೂರೋದು ಬೀಡಿ. ಬೀಡಿ ನಡುಗಿದ್ರೆ ಏನು, ಬೂದಿ ಬೀಳ್ತದೆ. ಅಷ್ಟೇ ಅಲ್ಲವಾ?"

ನಾನು ಅಲ್ಲೇ ಪೀಪಾಯಿಯ ಮೇಲೆ ಕೂತುಬಿಟ್ಟೆ. ಇವನು ನನಗೆ ಟೋಪಿ ಹಾಕಿದ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ! ನಮ್ಮ ಜಾತಿಯವನಲ್ಲ, ನಮ್ಮ ಭಾಷೆಯವನಲ್ಲ, ಎರಡು ಸಲ ಮುಖ ನೋಡಿದವನೂ ಅಲ್ಲ. ನನ್ನ ಪೂಜೆ ಕೆಡಬಾರದೆಂದು ತನ್ನ ಅನ್ನದ ಕೈಯನ್ನು ಒಡ್ಡಿ ಕೂತಿದ್ದಾನೆ. ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡೆ. "ಅಯ್ಯೋ, ಗ್ರೀಸು, ಗ್ರೀಸು" ಎಂದು ಅವನು ಕೈ ಎಳೆದುಕೊಂಡ. ನನ್ನ ಹಣೆಯ ವಿಭೂತಿಯ ಮೇಲೆಲ್ಲ ಗ್ರೀಸು ಹತ್ತಿಕೊಂಡಿತ್ತು. ಬಸ್ಸಿನಲ್ಲಿ ಜನ ನೋಡುತ್ತಿದ್ದರು. ಒರೆಸಿಕೊಳ್ಳುವ ಮನಸ್ಸಾಗಲಿಲ್ಲ.

ಅವನ ಟಾರ್ಚನ್ನು ಹಿಂದಿರುಗಿಸಲು ನೋಡಿದರೆ ಒಪ್ಪುವವನಲ್ಲ. ಮಾರನೆಯ ದಿನ ಮೈಸೂರಿಗೆ ಹೋದೆ. ಅಂಗಡಿಯವರು ನನ್ನನ್ನು ಕಂಡು ತಾವಾಗಿಯೇ ಮೊಳೆಯ ತಕ್ಕಡಿಯನ್ನು ಮೇಜಿನ ಮೇಲೆ ತಂದಿಟ್ಟರು. "ಅದನ್ನು ಒಳಗಿಡಿ. ಟ್ಯೂಬು ಕೊಡಿ, ಸೀಮೆಸುಣ್ಣ ಕೊಡಿ, ಸಾಬೂನಿನ ನೀರು ಕೊಡಿ" ಎಂದೆ. ಇದ್ದ ಹಗುರ ಟಾರ್ಚುಗಳನ್ನೆಲ್ಲ ಒಂದೊಂದಾಗಿ ಸಿಕ್ಕಿಸಿ, ಗೆರೆಯ ಮೇಲೆ ನಡೆಸಿ, ವೇಲಾಯುಧನ್ ಬಲಗೈಯವನು ಎಂದು ನೆನಪಾಗಿ ಮೊದಲಿನಿಂದ ಎಲ್ಲವನ್ನೂ ಬಲಗೈಯಲ್ಲಿ ಮತ್ತೆ ನಡೆಸಿದೆ. ಬೀಡಿ ಸೇದುವ ಅಭ್ಯಾಸ ನನಗಿಲ್ಲವಾದ್ದರಿಂದ ಅಂಗಡಿಯ ಗುಮಾಸ್ತರೊಬ್ಬರಿಗೆ ಬೀಡಿ ಕೊಡಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವರಿಗೆ ಏಳು ಬೀಡಿ ಆದ ಮೇಲೆ ಒಂದು ಟಾರ್ಚನ್ನು ಆಯ್ದುಕೊಂಡೆ. ಅದನ್ನು ಗುಂಡ್ಲುಪೇಟೆಗೆ ಒಯ್ದು, "ಅಂಗಡಿಯವರು ಸುಮ್ಮನೆ ಕೊಟ್ಟರು, ಮೂಲೆಯಲ್ಲಿ ಬಿದ್ದಿತ್ತಂತೆ" ಎಂದೆ. ವೇಲಾಯುಧನ್ ತಗಡಿನ ಮೇಲೆ ಗೆರೆ ಎಳೆದು, ಒಂದು ಬೀಡಿ ಮುಗಿಯುವ ತನಕ ಅದನ್ನು ಗೆರೆಯ ಮೇಲೆ ನಡೆಸಿದ.

ಈಗ ನನ್ನ ಕೈ ಗಟ್ಟಿಯಾಗಿದೆ, ದೇವರ ದಯೆ. ಆದರೆ ಬೇರೊಂದು ತೊಂದರೆ ಹತ್ತಿಕೊಂಡಿದೆ, ಅದನ್ನು ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಬೆಳಿಗ್ಗೆ ಕೂತು ಅಂಗೈಯ ಲಿಂಗದ ಮೇಲೆ ದೃಷ್ಟಿ ನೆಟ್ಟ ಕೂಡಲೇ ನನಗೆ ಶಿವ ಕಾಣಿಸುವುದಿಲ್ಲ. ಬೀಡಿ ಕಚ್ಚಿಕೊಂಡ ವೇಲಾಯುಧನ್ ಕಾಣಿಸುತ್ತಾನೆ. ಓಡಿಸಿದರೂ ಹೋಗುವುದಿಲ್ಲ. ತಡೆಯಲಾರದೆ ಒಂದು ದಿನ ಚೆನ್ನಾಜಮ್ಮನಿಗೆ ಹೇಳಿದೆ. ಅವಳು ಹಿಟ್ಟು ತಿರುವುತ್ತಿದ್ದವಳು ಕೋಲನ್ನೂ ನಿಲ್ಲಿಸದೆ, "ಬಂದ್ರೆ ಬರ್ಲಿ ಬುಡಿ, ಒಳ್ಳೇರೇ ತಾನೆ ಬರ್ತಿರೋದು. ಬೀಡೀನ ಮಾತ್ರ ಆಚೆಗೆ ಬಿಸಾಕ್ಬುಟ್ಟು ಬರಕ್ಕೇಳಿ" ಎಂದಳು. ಅಂದಿನಿಂದ ಪೂಜೆಗೆ ಕೂತಾಗಲೆಲ್ಲ ಹೇಳಬೇಕು ಅಂದುಕೊಳ್ಳುತ್ತೇನೆ. ಆದರೆ ಈ ಕೈಯನ್ನು ಉಳಿಸಿಕೊಟ್ಟವನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಅವನು ಸೇದಿ ಮುಗಿಸುವ ತನಕ ಕಾಯುತ್ತೇನೆ.